ಇನ್ನೂ ಹುಟ್ಟದ ಜಿಂಕೆಗೆ ಕ್ಯೂ

ಏಪ್ರಿಲ್ ತಿಂಗಳ ಮೊದಲ ಮಂಗಳವಾರ ಕೊಲೊರಾಡೋದಲ್ಲಿ ಬೇಟೆಯ ಅರ್ಜಿಗೆ ಕೊನೆಯ ದಿನ. ಅದಕ್ಕೂ ಮುಂಚೆ ಮಾರ್ಚ್ ಪೂರ್ತಿ ನನಗೆ ಒಂದೇ ಒಂದು ಸಾಲು ತುಂಬುವುದು ದೊಡ್ಡ ತಲೆನೋವು. ಅರ್ಜಿಯಲ್ಲಿ ಮೊದಲ ಆಯ್ಕೆ ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಡಿ-ಪಿ-999-99-ಪಿ ಅಂತ ಹಾಕಿದರೆ, ಈ ವರ್ಷ ನನಗೆ ಟ್ಯಾಗ್, ಅಂದರೆ ಒಂದು ಜಿಂಕೆ ಹೊಡೆಯುವ ಪರವಾನಗಿ, ಬೇಡ, ಮುಂದಿನ ಸಲಕ್ಕೆ ಒಂದು ಪಾಯಿಂಟ್ ಕೊಟ್ಟರೆ ಸಾಕು ಅಂತ ಹೇಳಿದ ಹಾಗೆ. ಬದಲಿಗೆ ನಿಜವಾದ ಬೇಟೆಯ ಕೋಡ್ ಹಾಕಿ ಅದು ಸಿಕ್ಕಿಬಿಟ್ಟರೆ ಇಷ್ಟು ವರ್ಷ ಕೂಡಿಟ್ಟ ಪಾಯಿಂಟೆಲ್ಲ ಸೊನ್ನೆ. ಇಲ್ಲಿನ ರೆಸಿಡೆಂಟ್ ಆದಾಗಿನಿಂದ ನಾನು ಕಣ್ಣು ಮುಚ್ಚಿಕೊಂಡು 999 ಹಾಕುತ್ತಾ ಬಂದಿದ್ದೇನೆ. ಯಾಕೆ ಅಂತ ಯಾರಾದರೂ ಕೇಳಿದರೆ, ಎಲ್ಲರೂ ಹಾಗೇ ಮಾಡುತ್ತಾರೆ ಅನ್ನುವುದು ಬಿಟ್ಟು ನನ್ನ ಹತ್ತಿರ ಉತ್ತರ ಇಲ್ಲ. ಈ ಸಲ ಮಾತ್ರ ಅದನ್ನು ಟೈಪ್ ಮಾಡಲು ಮನಸ್ಸು ಒಪ್ಪುತ್ತಿಲ್ಲ.

ಬೇಟೆ ಅಂದ ಕೂಡಲೇ ಊರಿನ ಕೆಲವರಿಗೆ ಮುಖ ಸಿಂಡರಿಸುತ್ತದೆ, ಗೊತ್ತು. ನಾನು ಸಕಲೇಶಪುರದ ಕಡೆಯವನು. 1972ರ ವನ್ಯಜೀವಿ ಕಾಯ್ದೆಗೂ ಮುಂಚಿನ ಶಿಕಾರಿ ಕತೆಗಳನ್ನು ಕೇಳಿಕೊಂಡೇ ಬೆಳೆದೆ. ಕತೆ ಹೇಳುವವರ ಕೋವಿ ಮಾತ್ರ ತೋಟ ಕಾಯುವ ನೆಪದಲ್ಲಿ ಮೂಲೆಗೆ ಒರಗಿಕೊಂಡಿರುತ್ತಿತ್ತು. ಅಲ್ಲಿ ಬೇಟೆ ನಿಂತದ್ದು ಸರಿ, ನಿಲ್ಲದಿದ್ದರೆ ಕತೆ ಹೇಳಲು ಪ್ರಾಣಿಗಳೂ ಉಳಿಯುತ್ತಿರಲಿಲ್ಲ. ಇಲ್ಲಿನ ಲೆಕ್ಕ ಬೇರೆ. ಚಳಿಗಾಲದಲ್ಲಿ ಹೆಲಿಕಾಪ್ಟರ್‌ನಲ್ಲಿ ಹಾರಾಡಿ ಗಂಡೆಷ್ಟು ಹೆಣ್ಣೆಷ್ಟು ಮರಿಯೆಷ್ಟು ಅಂತ ನೋಡಿ, ಆಮೇಲೆ ಯಾವ ಯೂನಿಟ್‌ಗೆ, ಅಂದರೆ ಯಾವ ಬೇಟೆಯ ವಲಯಕ್ಕೆ, ಎಷ್ಟು ಟ್ಯಾಗ್ ಅಂತ ನಿರ್ಧಾರ ಮಾಡುತ್ತಾರೆ. 1999ರಿಂದ ಈಚೆಗೆ ಈ ರಾಜ್ಯದಲ್ಲಿ ಜಿಂಕೆಯ ಟ್ಯಾಗ್ ಅಂಗಡಿಗೆ ಹೋಗಿ ಸುಮ್ನೆ ಕೊಳ್ಳುವ ವಸ್ತುವಲ್ಲ, ಡ್ರಾದಲ್ಲೇ ಸಿಗಬೇಕು. (ವೀಸಾದ ಮೇಲೆ ಇರುವವನಿಗೆ ಬಂದೂಕು ಹೇಗೆ ಅಂತ ಕೇಳುವವರಿಗೆ: ಎಚ್-1ಬಿಯವರು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ ಅಂತಲೇ ಇಲ್ಲಿನ ಕೇಂದ್ರ ಕಾನೂನು ಇದೆ. ಯಾವುದಾದರೂ ರಾಜ್ಯದ ಹಂಟಿಂಗ್ ಲೈಸೆನ್ಸ್ ಇದ್ದರೆ ಮಾತ್ರ ವಿನಾಯಿತಿ. ಅಂದರೆ ಜಿಂಕೆಯ ಕೃಪೆಯಿಂದಲೇ ನನ್ನ ರೈಫಲ್ ಮನೆಯಲ್ಲಿದೆ.)

ಡ್ರಾ ಅಂದೆ, ಆದರೆ ಅದು ಚೀಟಿ ಎತ್ತುವ ಡ್ರಾ ಅಲ್ಲ. ಯಾರ ಹತ್ತಿರ ಪಾಯಿಂಟ್ ಜಾಸ್ತಿ ಇದೆಯೋ ಅವರಿಗೆ ಮೊದಲು. ಬೆಂಗಳೂರಿನಲ್ಲಿದ್ದ ನಮ್ಮ ಮಾವ ಬಿಡಿಎ ಸೈಟಿಗೆ ಅರ್ಜಿ ಹಾಕುತ್ತಿದ್ದ ಕಾಲದಲ್ಲಿ ಎಷ್ಟನೇ ಸಲದ ಅರ್ಜಿ ಅನ್ನುವುದಕ್ಕೂ ಒಂದು ಬೆಲೆ ಇತ್ತು. ಸೈಟು ಸಿಗದಿದ್ದಾಗಲೂ ಅವರು ಒಂಥರಾ ಗೆದ್ದವರ ಹಾಗೆ, ಇನ್ನೊಂದು ಅಟೆಂಪ್ಟ್ ಸೇರಿತು ಬಿಡು ಅನ್ನುತ್ತಿದ್ದರು. ಥೇಟ್ ಅದೇ. ಸೋತರೆ ಸಿಗುವ ಸಮಾಧಾನಕ್ಕೇ ಇಲ್ಲಿ ಪಾಯಿಂಟ್ ಅಂತ ಹೆಸರು. ಸಾಧಾರಣ ಟ್ಯಾಗ್ ಆದರೆ ಸೊನ್ನೆ ಪಾಯಿಂಟಿಗೂ ಸಿಗುತ್ತದೆ. ಎರಡನೇ ಆಯ್ಕೆಯಲ್ಲಿ ಅಂಥದ್ದೊಂದನ್ನು ಹಾಕಿಕೊಂಡರೆ ಪಾಯಿಂಟೂ ಉಳಿಯುತ್ತದೆ, ಬೇಟೆಗೂ ಹೋಗಬಹುದು. ಹಾಗಾಗಿ ಕಾಯುವುದು ಅಂದರೆ ಇಷ್ಟೂ ವರ್ಷ ಮನೆಯಲ್ಲಿ ಕೂರುವುದು ಅಂತಲ್ಲ. ದೊಡ್ಡ ಕೊಂಬಿನ ಗಂಡು ಓಡಾಡುವ ಜಾಗಕ್ಕೆ, ಅದೂ ಅವು ಹೆಣ್ಣಿನ ಹಿಂದೆ ಬಿದ್ದು ಮೈಮರೆತಿರುವ ನವೆಂಬರ್‌ನಲ್ಲಿ, ಹೋಗಬೇಕು ಅಂದರೆ ಮಾತ್ರ ಕಾಯಬೇಕು.

ಎಷ್ಟು? ಈಗಲ್ ಊರಿನ ಹತ್ತಿರದ 44ನೇ ಯೂನಿಟ್, ನಾಲ್ಕನೇ ರೈಫಲ್ ಸೀಸನ್. ಸ್ಥಳೀಯರಿಗೂ ಹದಿನೈದು ವರ್ಷ ಸಾಲುವುದಿಲ್ಲ. ಆ ಸೀಸನ್ ಇರುವುದು ಬುಧವಾರದಿಂದ ಭಾನುವಾರದ ತನಕ. ಐದೇ ದಿನ.

ಗೆರೆಯೂ ಓಡುತ್ತಿದೆ

ಹದಿನೈದು ವರ್ಷ ಅಂದರೆ ಹದಿನೈದೇ ಆದರೆ ಚಿಂತೆ ಇಲ್ಲ. ಕಷ್ಟ ಏನೆಂದರೆ ಆ ಸಂಖ್ಯೆ ನಿಂತ ಕಡೆ ನಿಲ್ಲುವುದಿಲ್ಲ. ಇಲ್ಲಿನವರು ಅದನ್ನು ಪಾಯಿಂಟ್ ಕ್ರೀಪ್ ಅನ್ನುತ್ತಾರೆ. ಸುಮ್ನೆ ಒಂದು ಲೆಕ್ಕ ಹಾಕಿ. ಒಂದು ಯೂನಿಟ್‌ನಲ್ಲಿ ವರ್ಷಕ್ಕೆ ಇಪ್ಪತ್ತು ಟ್ಯಾಗ್. ನಿಮಗಿಂತ ಮುಂದೆ ಮುನ್ನೂರು ಜನ. ಯಾರೂ ಸಾಯದೆ, ಯಾರೂ ಬೇಸರವಾಗಿ ಬಿಟ್ಟುಹೋಗದೆ ಇದ್ದರೆ ಅವರೆಲ್ಲ ಮುಗಿಯಲು ಹದಿನೈದು ವರ್ಷ. ಆದರೆ ನಿಮ್ಮಷ್ಟೇ ಪಾಯಿಂಟ್ ಇರುವವರು ನಿಮ್ಮ ಜೊತೆಗೇ ಇನ್ನೂರು ಜನ ಇರುತ್ತಾರಲ್ಲ, ಅವರ ಮಧ್ಯೆ ಮತ್ತೆ ಲಾಟರಿ. ಈ ವರ್ಷ ಹದಿನಾರು ಪಾಯಿಂಟಿಗೆ ಸಿಕ್ಕ ಟ್ಯಾಗ್ ಮುಂದಿನ ವರ್ಷ ಹದಿನೇಳು ಕೇಳುತ್ತದೆ, ಅಷ್ಟು ಹೊತ್ತಿಗೆ ನಿಮ್ಮದೂ ಒಂದು ಏರಿರುತ್ತದೆ, ದೂರ ಮಾತ್ರ ಅಷ್ಟೇ ಇರುತ್ತದೆ. ತಡವಾಗಿ ಕ್ಯೂಗೆ ಸೇರಿದವರು ಕೆಲವು ಯೂನಿಟ್‌ಗಳಲ್ಲಿ ಬದುಕಿದ್ದಾಗ ಟ್ಯಾಗ್ ನೋಡುವುದೇ ಇಲ್ಲ. ಮೂವತ್ತು ದಾಟಿ ಈ ದೇಶಕ್ಕೆ ಬಂದ ನಾನು ಆ ಪೈಕಿ.

ಬೇರೆ ರಾಜ್ಯಗಳು ಬೇರೆ ಬೇರೆ ಥರ ಇದನ್ನು ಸಂಭಾಳಿಸುತ್ತವೆ. ನೆವಾಡಾದಲ್ಲಿ ಪಾಯಿಂಟನ್ನು ಅದರಿಂದಲೇ ಗುಣಿಸಿ, ಆ ವರ್ಷದ ಅರ್ಜಿಗೆ ಒಂದು ಸೇರಿಸಿ ಅಷ್ಟು ಚೀಟಿ ಹಾಕುತ್ತಾರೆ, ಹತ್ತು ಪಾಯಿಂಟ್ ಇದ್ದವನಿಗೆ ನೂರಾ ಒಂದು. ಯೂಟಾದಲ್ಲಿ ಅರ್ಧ ಹಳಬರಿಗೆ, ಅರ್ಧ ಅದೃಷ್ಟಕ್ಕೆ. ನ್ಯೂ ಮೆಕ್ಸಿಕೋ ಮತ್ತು ಐಡಹೋ ಜಿಂಕೆಗೆ ಪಾಯಿಂಟೇ ಇಟ್ಟಿಲ್ಲ, ಪ್ರತಿ ವರ್ಷ ಎಲ್ಲರೂ ಸೊನ್ನೆಯಿಂದ ಶುರು. ನನಗೆ ಕೊನೆಯದೇ ಸರಿ ಅನ್ನಿಸುತ್ತದೆ. ಇಪ್ಪತ್ತು ವರ್ಷ ಕ್ಯೂನಲ್ಲಿ ನಿಂತವರ ಮುಂದೆ ಹಾಗಂದರೆ ಪೆಟ್ಟು ತಿನ್ನಬೇಕಾಗುತ್ತದೆ, ಆ ಮಾತು ಬೇರೆ.

ಇನ್ನೊಂದು ವಿಚಾರ ನನ್ನನ್ನು ಜಾಸ್ತಿ ಕಾಡುತ್ತದೆ. ಇಲ್ಲಿನ ಜಿಂಕೆಗೆ ಮ್ಯೂಲ್ ಡಿಯರ್ ಅಂತ ಹೆಸರು, ಅದರ ಗಂಡಿನ ಕೊಂಬು ಪೂರ್ತಿ ಬಲಿಯುವುದು ಐದಾರು ವರ್ಷಕ್ಕೆ. ಹತ್ತು ವರ್ಷ ಬದುಕುವ ಗಂಡು ಅಪರೂಪ. ಅಂದರೆ ನಾನು ಇವತ್ತು ಯಾವ ಜಿಂಕೆಗೋಸ್ಕರ ಪಾಯಿಂಟ್ ಕೂಡಿಡುತ್ತಿದ್ದೇನೋ ಅದು ಇನ್ನೂ ಹುಟ್ಟಿಲ್ಲ, ಅದರ ತಾಯಿಯೂ ಹುಟ್ಟಿಲ್ಲ. ಅದು ಹುಟ್ಟುವ ಬೆಟ್ಟದ ಬುಡದಲ್ಲಿ ಆಗ ಸೇಜ್ ಪೊದೆ ಇರುತ್ತದೋ ಮನೆಗಳ ಲೇಔಟ್ ಇರುತ್ತದೋ ಯಾರಿಗೆ ಗೊತ್ತು.

ಹತ್ತೊಂಬತ್ತು ಪಾಯಿಂಟಿನ ಐದು ದಿನ

ಕೆಲವು ವರ್ಷದ ಹಿಂದೆ ಒಬ್ಬ ಗೆಳೆಯನಿಗೆ ಆ 44ರ ಟ್ಯಾಗ್ ಸಿಕ್ಕಿತು. ನನಗಿಂತ ತುಂಬಾ ದೊಡ್ಡವನು, ಇಲ್ಲೇ ಹುಟ್ಟಿ ಬೆಳೆದವನು, ನನಗೆ ಜಿಂಕೆ ಸುಲಿಯಲು ಕಲಿಸಿದವನೂ ಅವನೇ. ಹತ್ತೊಂಬತ್ತು ಪಾಯಿಂಟ್ ಖರ್ಚಾಗಿತ್ತು. ನಾನು ಹೋದದ್ದು ದುರ್ಬೀನು ಹಿಡಿಯಲು, ಮಾಂಸ ಹೊರಲು. ಬುಧವಾರ ಬೆಳಕು ಹರಿಯುವ ಮುಂಚೆಯೇ ಒಂದು ದಿಬ್ಬದ ಮೇಲೆ ಕೂತೆವು. ಉಸಿರು ದುರ್ಬೀನಿನ ಗಾಜಿಗೆ ತಾಗಿ ಮಂಜಾಗುತ್ತಿತ್ತು, ಒರೆಸಿದರೆ ಅಲ್ಲೇ ಹೆಪ್ಪುಗಟ್ಟುತ್ತಿತ್ತು. ಕೆಳಗೆ ಸೇಜ್ ಬಯಲು, ಅದರ ಮೇಲೆ ಜುನಿಪರ್, ಇನ್ನೂ ಮೇಲೆ ಎಲೆ ಉದುರಿದ ಓಕ್ ಪೊದೆ. ಬೆಳಕು ಬಂದ ಹಾಗೆ ಒಂದೊಂದೇ ಕಲ್ಲು ಹೆಣ್ಣು ಜಿಂಕೆಯಾಗತೊಡಗಿತು. ಆಮೇಲೆ ಅವುಗಳ ಹಿಂದೆ ಅವನು ಬಂದ. ಕುತ್ತಿಗೆ ಊದಿಕೊಂಡು ಕೋಣದ ಹಾಗಿತ್ತು. ಮೂಗು ನೆಲಕ್ಕೆ ಇಟ್ಟುಕೊಂಡು, ನಮ್ಮ ಕಡೆ ನೋಡುವ ಗೋಜಿಗೇ ಹೋಗದೆ, ಒಂದು ಹೆಣ್ಣಿನ ಹಿಂದೆ ನಡೆಯುತ್ತಿದ್ದ. ಎರಡೂ ಕಡೆ ನಾಲ್ಕು ನಾಲ್ಕು ಕವಲು, ಕಿವಿಗಳಿಗಿಂತ ಆಚೆ ಚಾಚಿದ ಕೊಂಬು. ನಾನು ಅಷ್ಟು ದೊಡ್ಡ ಜಿಂಕೆಯನ್ನು ಅಷ್ಟು ಹತ್ತಿರದಿಂದ ಅಲ್ಲಿಯ ತನಕ ನೋಡಿರಲಿಲ್ಲ. ರೈಫಲ್ ಗೆಳೆಯನ ತೊಡೆಯ ಮೇಲಿತ್ತು. ಗೆಳೆಯ ಸ್ಪಾಟಿಂಗ್ ಸ್ಕೋಪ್‌ನಲ್ಲಿ ತುಂಬಾ ಹೊತ್ತು ನೋಡಿದ. ತುಟಿ ಅಲ್ಲಾಡುತ್ತಿತ್ತು. ಇಂಚು ಕೂಡಿಸುತ್ತಿದ್ದಾನೆ ಅಂತ ಗೊತ್ತಾಯಿತು. ಮುಖ್ಯ ಕೊಂಬಿನ ಉದ್ದ, ಒಂದೊಂದು ಕವಲಿನ ಉದ್ದ, ಸುತ್ತಳತೆ, ಮಧ್ಯದ ಅಗಲ, ಎಲ್ಲ ಸೇರಿಸಿ ಒಂದು ಮೊತ್ತ ಬರುತ್ತದೆ. ದೊಡ್ಡ ಕೊಂಬುಗಳ ದಾಖಲೆ ಇಡುವ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್ಬಿನ ಸಾರ್ವಕಾಲಿಕ ಪಟ್ಟಿ ಸೇರಲು 190 ಬೇಕು. ಇವನದು ನೂರಾ ಅರವತ್ತೈದು ಇರಬಹುದು ಅಂದ. ಆಮೇಲೆ ಹೇಳಿದ: "ಹತ್ತೊಂಬತ್ತು ಪಾಯಿಂಟಿಗೆ ಇದನ್ನು ಹೊಡೆಯುವುದಾ?"

ಹೊಡೆಯಲಿಲ್ಲ. ಗುರುವಾರ ಇನ್ನೊಂದು ಬಿಟ್ಟ. ಶುಕ್ರವಾರ ಒಂದು ದೊಡ್ಡದು ಕಂಡಿತು, ನಿಜವಾಗಲೂ ದೊಡ್ಡದು. ಅದು ಖಾಸಗಿ ರ‍್ಯಾಂಚಿನ ಬೇಲಿಯಾಚೆ ನಿಂತು ಮಧ್ಯಾಹ್ನದ ತನಕ ನಮ್ಮನ್ನು ಆಟ ಆಡಿಸಿತು. ಶನಿವಾರ ಹಿಮ. ಭಾನುವಾರ ಸಂಜೆ, ಕಾನೂನಿನ ಪ್ರಕಾರ ಸೂರ್ಯ ಮುಳುಗಿ ಅರ್ಧ ಗಂಟೆಗೆ ಬಂದೂಕು ಕೆಳಗಿಡಬೇಕು, ಅಲ್ಲಿಯ ತನಕವೂ ಕೂತಿದ್ದು ಎದ್ದೆವು. ಇಲ್ಲಿ ಇದಕ್ಕೆ ಟ್ಯಾಗ್ ಸೂಪ್ ಅನ್ನುತ್ತಾರೆ. ಬೇಟೆ ಸಿಗಲಿಲ್ಲ, ಟ್ಯಾಗನ್ನೇ ಬೇಯಿಸಿ ಕುಡಿ ಅಂತ.

ವಾಪಸು ಬರುವಾಗ ಕಾರಿನಲ್ಲಿ ಏನು ಸಮಾಧಾನ ಹೇಳಬೇಕು ಅಂತ ನಾನು ಹುಡುಕುತ್ತಿದ್ದೆ. ಅವನಿಗೆ ಅದರ ಅಗತ್ಯವೇ ಇರಲಿಲ್ಲ. ಖುಷಿಯಾಗಿದ್ದ. ಮೊದಲ ದಿನ ನೋಡಿದಷ್ಟು ದೊಡ್ಡ ಗಂಡುಗಳನ್ನು ಬೇರೆ ಯೂನಿಟ್‌ನಲ್ಲಿ ಜೀವಮಾನದಲ್ಲಿ ನೋಡಿಲ್ಲ, ಮತ್ತೆ ಕಾಯುವುದಾದರೂ ಇದಕ್ಕೇ ಕಾಯುತ್ತೇನೆ ಅಂದ. ಆಗ ನನಗೆ ಅದು ಸೋತವನ ಮಾತು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಅವನು ಹತ್ತೊಂಬತ್ತು ಪಾಯಿಂಟ್ ಕೊಟ್ಟು ಕೊಂಡುಕೊಂಡದ್ದು ಬೇಡ ಅನ್ನುವ ಹಕ್ಕನ್ನು. ಸಾಧಾರಣ ಯೂನಿಟ್‌ನಲ್ಲಿ ಆ ಹಕ್ಕು ಯಾರಿಗೂ ಇಲ್ಲ. ಅಲ್ಲಿ ಕಾನೂನಿಗೆ ಸರಿಹೋಗುವ ಮೊದಲ ಕೊಂಬು ಕಂಡರೆ ದೇವರು ದೊಡ್ಡವನು ಅಂತ ಹೊಡೆಯಬೇಕು, ಇನ್ನೊಂದು ಕಾಣುವ ಗ್ಯಾರಂಟಿ ಇಲ್ಲ. ಒಂದರ ನಂತರ ಒಂದನ್ನು ನೋಡಿ, ಅಳೆದು, ಬಿಟ್ಟು ಕಳಿಸುವುದರಲ್ಲೇ ಅವನಿಗೆ ಸುಖ. ಆ ಸುಖ ಸಿಗಬೇಕಾದರೆ ಬೆಟ್ಟದ ತುಂಬ ಜಿಂಕೆ ಇರಬೇಕು, ಸುತ್ತ ಬೇರೆ ಬೇಟೆಗಾರರು ಇರಬಾರದು. ಅಂಥ ಜಾಗಕ್ಕೆ ಕ್ಯೂ ಇರುವುದರಲ್ಲಿ ಆಶ್ಚರ್ಯ ಏನಿದೆ?

ಹಾಗಾದರೆ ನನ್ನ ಪ್ರಶ್ನೆ ಕಾಯಬೇಕಾ ಬೇಡವಾ ಅನ್ನುವುದಕ್ಕಿಂತ ಸ್ವಲ್ಪ ಬೇರೆ. ನನಗೆ ಬೇಡ ಅನ್ನಲು ಬರುತ್ತದಾ?

ಸುಟ್ಟ ಕಾಡಿನ ಕವಲುಕೊಂಬು

ಬರುವುದಿಲ್ಲ ಅಂತ ನನಗೆ ಗೊತ್ತು. ಪೂಡರ್ ನದಿಯ ಮೇಲ್ಗಡೆ, 2020ರ ಕ್ಯಾಮರಾನ್ ಪೀಕ್ ಬೆಂಕಿಯಲ್ಲಿ ಸುಟ್ಟುಹೋದ ಕಾಡಿದೆ. ಎರಡು ಲಕ್ಷ ಎಕರೆಗೂ ಜಾಸ್ತಿ ಉರಿದುಹೋದ ಬೆಂಕಿ ಅದು. ಮರಗಳು ಕಪ್ಪು ಕಂಬಗಳ ಹಾಗೆ ನಿಂತಿವೆ, ಒಂದಕ್ಕೆ ತಾಗಿದರೂ ಪ್ಯಾಂಟಿಗೆ ಮಸಿ. ಆದರೆ ಬುಡದಲ್ಲಿ ಬಿಸಿಲು ಬಿದ್ದು ಹುಲ್ಲು, ಆ್ಯಸ್ಪೆನ್ ಚಿಗುರು ನುಗ್ಗಿಕೊಂಡು ಬಂದಿವೆ. ಜಿಂಕೆಗೆ ಇನ್ನೇನು ಬೇಕು? ಎರಡನೇ ಆಯ್ಕೆಯ ಟ್ಯಾಗ್ ಇಟ್ಟುಕೊಂಡು ನಾನು ಹೋಗುವುದು ಅಲ್ಲಿಗೆ. ಒಂದು ಅಕ್ಟೋಬರ್ ಕೊನೆಯಲ್ಲಿ ಬಿದ್ದ ಮರದ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದೆ. ಹತ್ತಿರದ ಕಪ್ಪು ಕಾಂಡವೊಂದಕ್ಕೆ ಕಿವಿ ಇದ್ದ ಹಾಗೆ ಕಂಡಿತು. ಅಷ್ಟೇ, ಒಂದು ಕಿವಿ, ಉದ್ದದ್ದು, ನೊಣ ಓಡಿಸಿದ ಹಾಗೆ ಒಂದು ಸಲ ಅಲ್ಲಾಡಿತು. ಎರಡು ವರ್ಷದ ಗಂಡು, ಒಂದೊಂದು ಕೊಂಬಿಗೆ ಎರಡೇ ಕವಲು. ನನ್ನ ಗೆಳೆಯ ಅದರ ಕಡೆ ದುರ್ಬೀನು ಕೂಡ ತಿರುಗಿಸುತ್ತಿರಲಿಲ್ಲ. ನನಗೆ ಎದೆ ಹೊಡೆದುಕೊಳ್ಳುವ ಸದ್ದು ಕಿವಿಯಲ್ಲೇ ಕೇಳಿಸುತ್ತಿತ್ತು.

ಕೊಂಬು ಈಗ ಗ್ಯಾರೇಜಿನ ಶೆಲ್ಫಿನ ಮೇಲೆ ಪೇಂಟ್ ಡಬ್ಬಿಯ ಪಕ್ಕದಲ್ಲಿದೆ, ಯಾರೂ ಅದನ್ನು ಅಳೆದಿಲ್ಲ. ಮಾಂಸದ್ದೇ ದೊಡ್ಡ ಕತೆ. ಜಿಂಕೆಯ ಮಾಂಸದಲ್ಲಿ ಕೊಬ್ಬೇ ಇರುವುದಿಲ್ಲ, ಅವಸರ ಮಾಡಿದರೆ ಚಪ್ಪಲಿ. ಕೊತ್ತಂಬರಿ, ಕಾಳುಮೆಣಸು ಹುರಿದು ಅರೆದು, ಊರಿಂದ ಯಾರೋ ತಂದುಕೊಟ್ಟ ಕಾಚಂಪುಳಿ ಕೊನೆಯಲ್ಲಿ ಎರಡು ಚಮಚ ಹಾಕಿ, ಸಣ್ಣ ಉರಿಯಲ್ಲಿ ಮಧ್ಯಾಹ್ನ ಪೂರ್ತಿ ಬಿಟ್ಟರೆ ಅಕ್ಕಿರೊಟ್ಟಿಗೆ ಅದರಂಥ ಜೊತೆ ಇನ್ನೊಂದಿಲ್ಲ. ರಾಜ್ಯೋತ್ಸವಕ್ಕೆ ಬಂದ ನಾಲ್ಕು ಮನೆಯವರಲ್ಲಿ ಎರಡು ಮನೆ ಸಸ್ಯಾಹಾರಿ. ಅವರು ಬಿಸಿಬೇಳೆಬಾತ್ ತಟ್ಟೆ ಹಿಡಿದುಕೊಂಡು ಹಿತ್ತಲಿಗೆ ಹೋದರು. ಮಿಕ್ಕವರು ಪಾತ್ರೆ ಬಳಿದು ಇಟ್ಟರು. ಅದಕ್ಕೂ ಮುಂಚೆ ಜಿಂಕೆಯ ತಲೆಯನ್ನು ಕಾಯಿಲೆಯ ಪರೀಕ್ಷೆಗೆ ಕೊಟ್ಟು, ರಿಪೋರ್ಟ್ ಬರುವ ತನಕ ಮಾಂಸವನ್ನು ಫ್ರೀಜರ್‌ನಲ್ಲೇ ಇಟ್ಟಿದ್ದೆ ಅಂತ ಊಟ ಮುಗಿದ ಮೇಲೆ ಹೇಳಿದೆ. ಒಂದಿಬ್ಬರ ಮುಖ ನೋಡಬೇಕಿತ್ತು.

ಕಾಯುವವನ ಕೈಯಲ್ಲಿ ಇಲ್ಲದ್ದು

ಆ ಕಾಯಿಲೆಯೂ ಈ ಲೆಕ್ಕದ ಒಳಗೆ ಬರುತ್ತದೆ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಮಿದುಳನ್ನು ತಿನ್ನುವ ಪ್ರಿಯಾನ್ ರೋಗ. ಮೊದಲು ಕಂಡದ್ದು 1967ರಲ್ಲಿ, ಫೋರ್ಟ್ ಕಾಲಿನ್ಸ್‌ನ ಸಂಶೋಧನಾ ಆವರಣದಲ್ಲಿ ಸಾಕಿದ್ದ ಜಿಂಕೆಗಳಲ್ಲಿ, ಅಂದರೆ ಪೂಡರ್ ನದಿ ಬಯಲಿಗಿಳಿಯುವ ಊರಲ್ಲೇ. ಹೆಣ್ಣಿಗಿಂತ ಗಂಡಿಗೆ, ಅದರಲ್ಲೂ ವಯಸ್ಸಾದ ಗಂಡಿಗೆ ಇದು ಜಾಸ್ತಿ. ಹಾಗಾಗಿ ರೋಗ ಹರಡಿರುವ ಕಡೆ ಇಲಾಖೆ ಗಂಡು ಜಿಂಕೆಯ ಟ್ಯಾಗ್ ಹೆಚ್ಚಿಸುತ್ತದೆ, ವಯಸ್ಸಾದವು ಕಡಿಮೆಯಾಗಲಿ ಅಂತಲೇ. ಅವರ ಕಡೆಯಿಂದ ನೋಡಿದರೆ ಅದು ಸರಿಯಾದ ಕೆಲಸ. ಆದರೆ ವಯಸ್ಸಾದ ಗಂಡು ಸಿಗುತ್ತದೆ ಅಂತಲೇ ಕಾಯುತ್ತಿರುವವನ ಗತಿ? ಅವನ ಸರದಿ ಬರುವ ಹೊತ್ತಿಗೆ ಆ ಯೂನಿಟ್ ಕೂಡ ಉಳಿದ ಯೂನಿಟ್‌ಗಳ ಹಾಗೇ ಆಗಿರಬಹುದು.

ಚಳಿಗಾಲವೂ ಹಾಗೇ. 2022-23ರ ಚಳಿಗಾಲದಲ್ಲಿ ಕ್ರೇಗ್, ಮೀಕರ್ ಕಡೆ ಹಿಮ ಬಿದ್ದು ಗಟ್ಟಿಯಾಗಿ, ಜಿಂಕೆಗಳು ಹಸಿವಿನಿಂದ ಹಿಂಡುಹಿಂಡಾಗಿ ಸತ್ತವು. ಮುಂದಿನ ಬೇಟೆಗೆ ಆ ಕಡೆಯ ಟ್ಯಾಗ್‌ಗಳನ್ನು ಹಿಡಿಹಿಡಿಯಾಗಿ ಕಡಿತ ಮಾಡಿದರು. ಅಲ್ಲಿಗೇ ಅಂತ ಪಾಯಿಂಟ್ ಕೂಡಿಸಿದವರು ಒಂದೇ ಚಳಿಗಾಲದಲ್ಲಿ ಹಿಂದಕ್ಕೆ ಬಿದ್ದರು. ಇಷ್ಟು ಸಾಲದು ಅಂತ 2028ರಿಂದ ಕೊಲೊರಾಡೋ ಡ್ರಾ ಪದ್ಧತಿಯನ್ನೇ ಬದಲಿಸುತ್ತಿದೆ. ಅರ್ಧ ಟ್ಯಾಗ್ ಈಗಿನ ಹಾಗೆ ಪಾಯಿಂಟ್ ಜಾಸ್ತಿ ಇದ್ದವರಿಗೆ, ಇನ್ನರ್ಧ ಲಾಟರಿ ಥರ. ನನ್ನಂಥವನಿಗೆ ಇದು ಒಳ್ಳೆಯದೋ ಕೆಟ್ಟದ್ದೋ ಅಂತ ಕಾಗದ ಪೆನ್ನು ಹಿಡಿದು ಕೂತರೆ ಎರಡೂ ಉತ್ತರ ಬರುತ್ತದೆ.

ಇನ್ನು ನನ್ನದೇ ಕ್ಯೂ ಒಂದಿದೆ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡಿನ ತಾರೀಖು ದಶಕಕ್ಕೂ ಹಿಂದೆ ನಿಂತಿರುವುದು ಈ ಬರಹ ಓದುತ್ತಿರುವ ಅರ್ಧ ಜನಕ್ಕೆ ನನಗಿಂತ ಚೆನ್ನಾಗಿ ಗೊತ್ತು. ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಅರವತ್ತು ದಿನ. ಬೇರೆ ರಾಜ್ಯಕ್ಕೆ ಹೋದರೆ ನಾನು ಇಲ್ಲಿ ನಾನ್-ರೆಸಿಡೆಂಟ್: ಟ್ಯಾಗಿನ ಬೆಲೆ ನಲವತ್ತು ಡಾಲರ್ ಚಿಲ್ಲರೆಯಿಂದ ನಾನೂರರ ಮೇಲಕ್ಕೆ ಜಿಗಿಯುತ್ತದೆ, ಹೊರಗಿನವರಿಗೆ ಸಿಗುವ ಟ್ಯಾಗ್‌ಗಳ ಪಾಲೂ ಚಿಕ್ಕದು. ಊರಿಗೇ ವಾಪಸು ಹೋದರೆ ಪಾಯಿಂಟ್ ಇಟ್ಟುಕೊಂಡು ಏನು ಮಾಡಲಿ, ಉಪ್ಪು ಹಾಕಿ ನೆಕ್ಕಲಾ? ಹೆಂಡತಿಗೆ ಈ ಪಾಯಿಂಟ್ ವಿಷಯ ವಿವರಿಸಿದಾಗ ಅವಳು ಕೇಳಿದ್ದು ಒಂದೇ: ಹದಿನೈದು ವರ್ಷ ಆದಮೇಲೆ ಎಲ್ಲಿರುತ್ತೇವೆ ಅಂತ ನಮ್ಮ ಮಗಳ ಸ್ಕೂಲಿನ ವಿಚಾರದಲ್ಲೇ ಹೇಳಲಾಗದವರು ಜಿಂಕೆ ವಿಚಾರದಲ್ಲಿ ಹೇಗೆ ಹೇಳುತ್ತೀರಿ?

ಗೆಳೆಯನ ವಾದ ಬೇರೆ. ನಿನಗೆ ಬೇಡ ಅನ್ನಲು ಬರುವುದಿಲ್ಲ ಅನ್ನುವುದು ನೀನು ಎರಡನೇ ಆಯ್ಕೆಯ ಟ್ಯಾಗಿನಲ್ಲೇ ಬೇಟೆ ಆಡಿರುವುದಕ್ಕೆ, ಅಲ್ಲಿ ಬೇಡ ಅನ್ನಲು ಏನಿದೆ ಅನ್ನುತ್ತಾನೆ. ಇದರಲ್ಲಿ ಹುರುಳಿದೆ, ಒಪ್ಪುತ್ತೇನೆ. ನನಗೂ ಆಸೆ ಇಲ್ಲ ಅಂತಲ್ಲ. ಆ ಬುಧವಾರ ಬೆಳಿಗ್ಗೆ ರೈಫಲ್ ನನ್ನ ತೊಡೆಯ ಮೇಲಿದ್ದಿದ್ದರೆ ಅಂತ ಎಷ್ಟು ಸಲ ಯೋಚಿಸಿಲ್ಲ? ಯೋಚಿಸಿದಾಗಲೆಲ್ಲ ಬೇಟೆ ಮೊದಲ ಹತ್ತು ನಿಮಿಷಕ್ಕೇ ಮುಗಿದುಬಿಡುತ್ತದೆ. ಅವನು ಐದು ದಿನ ಅನುಭವಿಸಿದ್ದನ್ನು ನಾನು ಹತ್ತು ನಿಮಿಷಕ್ಕೆ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಮಾಂಸ ಹೊರುತ್ತಿರುತ್ತೇನೆ. ಅಷ್ಟಕ್ಕೆ ಹದಿನೈದು ಇಪ್ಪತ್ತು ವರ್ಷ ಜಾಸ್ತಿಯಾಯಿತು. ಆ ಟ್ಯಾಗ್ ಅವನಂಥವರಿಗೇ ಹೋಗಲಿ.

ಹಾಗಂತ ಪಾಯಿಂಟನ್ನು ಸುಮ್ನೆ ಎಸೆಯಬೇಕಾಗಿಲ್ಲ. ನನ್ನ ಹತ್ತಿರ ಇರುವಷ್ಟಕ್ಕೆ ಗನ್ನಿಸನ್ ಕಣಿವೆಯ 54ನೇ ಯೂನಿಟ್, ಮೂರನೇ ಸೀಸನ್ ಎಟುಕಬಹುದು ಅಂತ ಹಿಂದಿನ ವರ್ಷಗಳ ಡ್ರಾ ನೋಡಿದರೆ ಅನ್ನಿಸುತ್ತದೆ. ಒಂಬತ್ತು ದಿನದ ಸೀಸನ್, ನವೆಂಬರ್ ನಡುವಿನದು, ಗಂಡುಗಳು ಆಗಲೇ ಓಡಾಡಲು ಶುರು ಮಾಡಿರುತ್ತವೆ. ಅಲ್ಲಿನ ಚಳಿ ಎಂಥದ್ದು ಅಂದರೆ 2008ರಲ್ಲಿ ಜಿಂಕೆಗಳು ಸಾಯಬಾರದು ಅಂತ ಸರ್ಕಾರವೇ ಮೇವು ಹಾಕಬೇಕಾಯಿತು. ಖಾಲಿ ಕೈಯಲ್ಲಿ ಬಂದರೂ ಬರಬಹುದು. ಹೇಗೇ ಬಂದರೂ ಮತ್ತೆ ಸೊನ್ನೆಯಿಂದ ಶುರು, ನಾಲ್ಕೈದು ವರ್ಷಕ್ಕೊಮ್ಮೆ ಇಂಥದ್ದೊಂದು, ನಡುವೆ ಪೂಡರ್.

ಮೊದಲ ಆಯ್ಕೆ ಡಿ-ಎಂ-054-ಓ3-ಆರ್. ಎರಡನೆಯದು ಎಂದಿನ ಹಾಗೆ ಸುಟ್ಟ ಕಾಡಿನದೇ. ಗೆಳೆಯನಿಗೆ ಹೇಳಿದ ತಕ್ಷಣ ಫೋನಿನಲ್ಲಿ ಒಂದು ನಿಟ್ಟುಸಿರು ಬಿಟ್ಟು, ಗನ್ನಿಸನ್‌ಗೆ ನಿನ್ನ ಆ ಬೂಟು ಸಾಲುವುದಿಲ್ಲ, ಬೆರಳು ಕಳೆದುಕೊಳ್ಳುತ್ತೀಯ ಅಂದ. ಬೂಟಿನ ಬೆಲೆ ನೋಡಿದೆ. ಟ್ಯಾಗಿನ ಹತ್ತು ಪಟ್ಟು.